ಹೂವಿಗೆ ಬಿಟ್ಟ ಸಾಲು

ಅವನು ಉಗುಳಿದ. ಅವಳು ಕಣ್ಣಾರೆ ಕಂಡಳು.

ಹೋಟೆಲಿನ ಉದ್ದನೆಯ ಮೇಜಿನ ಸುತ್ತ ಆರು ಜನ ಕುಳಿತಿದ್ದರು. ಐವರು ಅವಳು ಕತ್ತಾಳೆಯಿಂದ ಇಳಿಸಿದ ಮದ್ಯ ಮೆಜ್ಕಾಲನ್ನು ಗುಟುಕರಿಸಿ ತಲೆದೂಗಿದರು. ಆರನೆಯವನು ಆ ಹೋಟೆಲಿನ ಬಾರಿನಲ್ಲಿ ಡ್ರಿಂಕ್ಸ್ ಬೆರೆಸುವವನು, ಕಿವಿಯ ಮೇಲೆ ನರೆ ಮೂಡಿದ ಎತ್ತರದ ಮನುಷ್ಯ. ಒಂದು ಗುಟುಕನ್ನು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡ. ಕಣ್ಣು ಮುಚ್ಚಿದ. ಆಮೇಲೆ ಪಕ್ಕದ ಖಾಲಿ ಲೋಟವನ್ನೆತ್ತಿ ಅದಕ್ಕೆ ಉಗುಳಿಬಿಟ್ಟ.

ಆ ಒಂದು ಶೀಶೆಗಾಗಿ ಕತ್ತಾಳೆ ಗಿಡ ಹನ್ನೆರಡು ವರ್ಷ ಬಿಸಿಲು ಕುಡಿದಿತ್ತು. ಅದರ ಬುಡದ ಗಡ್ಡೆಯನ್ನು ಕಡಿದು, ಕಲ್ಲಿನ ಗುಂಡಿಯಲ್ಲಿ ನಾಲ್ಕು ದಿನ ಸುಟ್ಟು, ಜಜ್ಜಿ, ಹುಳಿ ಬರಿಸಿ, ಎರಡು ಸಲ ಭಟ್ಟಿ ಇಳಿಸಿ, ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದಳು.

ಬಿರಡೆ ಒತ್ತಿ, ಶೀಶೆಯನ್ನು ಚೀಲಕ್ಕೆ ಸೇರಿಸಿ ಎದ್ದಳು.

“ಬಾಯಿಗೆ ಹಿಡಿಸದೇ ಇರೋದನ್ನ ಮಾರೋಕೆ ನಾನು ಬಂದಿಲ್ಲ.”

“ಮೇಡಂ, ಒಂದು ನಿಮಿಷ...”

ಬಾಗಿಲು ಬಡಿದುಕೊಂಡ ಸದ್ದಿನಲ್ಲಿ ಅವನ ಮಾತು ಅರ್ಧಕ್ಕೇ ನಿಂತಿತು.

“ಉಗುಳಿದ್ನಾ? ನಮ್ಮ ಮನೆ ಸರಕನ್ನ?” ಎಂದು ಅತ್ತೆ ಸಂಜೆಯವರೆಗೂ ಕೇಳುತ್ತಲೇ ಇದ್ದರು. “ಅವನ ನಾಲಿಗೆಗೆ ತುಕ್ಕು ಹಿಡಿದಿರಬೇಕು ಬಿಡು.”

ಮನೆಯಲ್ಲಿ ಇದ್ದದ್ದು ಅವರಿಬ್ಬರೇ. ಅವಳ ಗಂಡ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ‘ಕೊಟ್ಟವನೇ ಕರೆದುಕೊಂಡ, ಅವನ ಚಿತ್ತ’ ಎಂದು ಅತ್ತೆ ಪ್ರತಿದಿನ ಬೆಳಿಗ್ಗೆ ದೇವರ ಮುಂದೆ ಕೈಮುಗಿದು ಹೇಳುತ್ತಿದ್ದರು. ಸಂಜೆಯಾದರೆ ಮಗನ ಅಂಗಿಯನ್ನು ಬಿಡಿಸಿ, ಮಡಿಸಿದ್ದನ್ನೇ ಮತ್ತೆ ಮಡಿಸುತ್ತಿದ್ದರು.

ಮೂರನೆಯ ದಿನ ಅವನೇ ಬಂದ. ಬಾಗಿಲು ತೆರೆದವರು ಅತ್ತೆ.

“ಹೋಟೆಲಿಂದ ಬಂದಿದ್ದೀನಮ್ಮ. ಮೊನ್ನೆ...”

“ಓಹೋ, ಉಗುಳುರಾಯರು! ಬನ್ನಿ ಬನ್ನಿ. ಅಂಗಳ ಈಗಷ್ಟೇ ಗುಡಿಸಿದ್ದೀನಿ, ಸ್ವಲ್ಪ ನೋಡ್ಕೊಂಡು.”

ಅವನ ಮುಖ ಕೆಂಪಾಯಿತು. ಭಟ್ಟಿಯ ಹತ್ತಿರ ನಿಂತಿದ್ದ ಅವಳ ಎದುರು ಹೋಗಿ, ಶಾಲೆಯಲ್ಲಿ ತಪ್ಪು ಒಪ್ಪಿಕೊಳ್ಳುವವನಂತೆ ಕೈಕಟ್ಟಿ ನಿಂತ.

“ನಾನು ಯಾವುದನ್ನೂ ನುಂಗಲ್ಲ. ನಮ್ಮಪ್ಪ ಕುಡಿದು ಕುಡಿದೇ ಹೋದರು. ಅಮ್ಮ ಕೊನೇ ದಿನ ನನ್ನ ಕೈ ಹಿಡ್ಕೊಂಡು ಮಾತು ತಗೊಂಡರು, ಒಂದು ಹನೀನೂ ಗಂಟಲಿಂದ ಇಳಿಸಬಾರದು ಅಂತ. ಇಪ್ಪತ್ತೆರಡು ವರ್ಷ ಆಯ್ತು. ಆ ಮಾತು ಮುರಿದಿಲ್ಲ.”

“ಮತ್ತೆ ಈ ಕೆಲಸ ಯಾಕೆ?”

“ಅಡುಗೆಯವನು ಮಾಡಿದ್ದನ್ನೆಲ್ಲ ತಾನೇ ತಿಂತಾನಾ?” ಎಂದ. ಆಮೇಲೆ ದನಿ ತಗ್ಗಿಸಿ, “ಆದರೆ ನಿಮ್ಮದನ್ನ ಉಗುಳುವಾಗ ಮೊದಲ ಸಲ ಹೊಟ್ಟೆ ಉರೀತು,” ಎಂದ.

ನಗು ಕಾಣದಿರಲೆಂದು ಅವಳು ಮುಖ ತಿರುಗಿಸಿದಳು. ಆ ಕಡೆ ಅತ್ತೆ ನಿಂತಿದ್ದರು; ಅವರಿಗೆ ಕಂಡಿತು.

“ಹಾಗಾದರೆ ಕೈ ಚಾಚಿ,” ಎಂದಳು.

ಅವನ ಅಂಗೈಗೆ ನಾಲ್ಕು ಹನಿ ಸುರಿದಳು. “ಉಜ್ಜಿ. ಇನ್ನೂ. ಆರಲಿ. ಈಗ ಮೂಸಿ ನೋಡಿ.”

ಅಮಲೆಲ್ಲ ಗಾಳಿಗೆ ಹಾರಿಹೋಗಿ, ಉಳಿದದ್ದು ಹೊಗೆ, ಬಿಸಿಮಣ್ಣು, ಸುಟ್ಟ ಕತ್ತಾಳೆಯ ಸಿಹಿ. ಅವನು ಎರಡೂ ಅಂಗೈಗಳಲ್ಲಿ ಮುಖ ಹುದುಗಿಸಿ ನಿಂತುಬಿಟ್ಟ. ನಿಂಬೆಹಣ್ಣು ಕೊಯ್ಯುವ ಚಾಕು ಅವನ ಹೆಬ್ಬೆರಳಿನ ಮೇಲೆ ಮಾಡಿದ ಹಳೆಯ ಗಾಯದ ಗೆರೆ ಅವಳ ಕಣ್ಣಿಗೆ ಬಿತ್ತು. ಬೇರೆಯವರ ಕೈಯನ್ನು ಹೀಗೆ ನೋಡಿ ನಾಲ್ಕು ವರ್ಷವಾಗಿತ್ತೆಂಬುದು ನೆನಪಾಗಿ, ಬೇಗನೆ ಶೀಶೆಯ ಬಾಯಿ ಮುಚ್ಚಿದಳು.

ಆಮೇಲೆ ಬೆರೆಸುವುದನ್ನು ತೋರಿಸಿದಳು. ಸೋರೆಬುರುಡೆಯ ಬಟ್ಟಲಿಗೆ ಎತ್ತರದಿಂದ ಸುರಿದಾಗ ಅಂಚಿನಲ್ಲಿ ಗುಳ್ಳೆಗಳು ಮುತ್ತಿನ ಹಾಗೆ ಕೂರಬೇಕು. ದೊಡ್ಡದಾಗಿ ಎದ್ದು ಬೇಗ ಒಡೆದರೆ ಖಾರ ಹೆಚ್ಚು. ಆಗ ಭಟ್ಟಿಯ ಕೊನೆಯಲ್ಲಿ ಇಳಿದ ತೆಳು ರಸವನ್ನು ಒಂದೊಂದೇ ಸೌಟು ಬೆರೆಸುತ್ತಾ ಬರಬೇಕು.

“ನೀರು ಬೆರೆಸಿದರೆ ಆಗಲ್ವಾ?”

“ನೀರು ಬಿದ್ದರೆ ತಾನ್ಯಾರು ಅನ್ನೋದನ್ನೇ ಅದು ಮರೆತುಬಿಡುತ್ತೆ.”

ಅವನು ನಕ್ಕ. ಆದರೆ ಬಂದ ಕೆಲಸ ಹೇಳುವಾಗ ಆ ನಗು ಉಳಿಯಲಿಲ್ಲ. ಹೋಟೆಲಿಗೆ ನಲವತ್ತು ಶೀಶೆ ಬೇಕು. ಕೊಟ್ಟರೆ ನಲವತ್ತು, ಇಲ್ಲದಿದ್ದರೆ ಬೇಡ ಎಂದಿದ್ದಾರೆ ಯಜಮಾನರು. ಈ ವರ್ಷ ಅವಳ ಗಿಡಗಳಿಂದ ಬರುವುದು ಇಪ್ಪತ್ತು. ಈ ಆರ್ಡರ್ ಕೈತಪ್ಪಿದರೆ ಬರುವ ವರ್ಷ ಭಟ್ಟಿಗೆ ಬೆಂಕಿ ಹಾಕುವುದೇ ಅನುಮಾನ.

“ಆ ಗೋಡೆ ಪಕ್ಕದ ಸಾಲು?” ಎಂದು ಅವನು ಕೇಳಿದ.

ಅಲ್ಲಿ ನಾಲ್ಕು ಗಿಡಗಳಿದ್ದವು, ಆಳುದ್ದ. ನಡುವಿನಿಂದ ಹೂದಂಟು ಆಗಲೇ ಎಲೆಗಳ ಮೇಲೆ ಮೊಳದುದ್ದ ಎದ್ದಿತ್ತು.

“ನಮ್ಮವರು ನೆಟ್ಟಿದ್ದು,” ಎಂದಳು. “ಬುಡದಲ್ಲಿ ಬರೋ ಮರಿಗಳನ್ನೇ ನೆಡ್ತಾ ಹೋದರೆ ಎಲ್ಲವೂ ಒಂದೇ ರಕ್ತ. ಒಂದಕ್ಕೆ ರೋಗ ಬಂದರೆ ಎಲ್ಲಕ್ಕೂ ಬಂತು. ಅದಕ್ಕೇ ಒಂದು ಸಾಲನ್ನ ಹೂವಿಗೆ ಬಿಡಬೇಕು, ಬಾವಲಿ ಬಂದು ಪರಾಗ ಮುಟ್ಟಿಸಬೇಕು, ಬೀಜ ಆಗಬೇಕು ಅಂತಿದ್ದರು. ಹೂ ಬಿಟ್ಟ ಮೇಲೆ ಗಿಡ ಒಣಗಿಹೋಗುತ್ತೆ. ಭಟ್ಟಿಗೂ ಬರಲ್ಲ.” ದಂಟಿನತ್ತ ನೋಡಿ, “ಇವನ್ನೂ ಕಡಿದರೆ ನಲವತ್ತು ಶೀಶೆ ಆಗುತ್ತೆ. ಆದರೆ ಕಡಿಯೋದಿದ್ದರೆ ಹದಿನೈದು ದಿನದೊಳಗೆ ಕಡೀಬೇಕು,” ಎಂದಳು.

ಅವನು ಗುಂಡಿಯ ಪಕ್ಕದಲ್ಲಿ ಬಿದ್ದಿದ್ದ, ಸುಟ್ಟ ಗಡ್ಡೆಯಿಂದ ಹೆರೆದು ಎಸೆದ ಕರಕಲು ಸಿಪ್ಪೆಯನ್ನು ಎತ್ತಿ ಮೂಸಿದ. “ಬೆರೆಸಿ ನೋಡೋಕೆ ನಿಮ್ಮದೊಂದು ಶೀಶೆ, ಜೊತೆಗೆ ಇದು ಒಂದು ಚೀಲ ಕೊಡ್ತೀರಾ?”

“ಕಸ ಹೊರೋಕೆ ಇಷ್ಟು ದೂರ ಬಂದ್ರಾ?” ಎಂದು ಅತ್ತೆ ಗದ್ದಕ್ಕೆ ಕೈಯಿಟ್ಟರು.

ಹನ್ನೊಂದು ದಿನ ಅವನ ಸುದ್ದಿಯಿಲ್ಲ. ದಂಟು ಎರಡು ಮೊಳ ಬಂತು. ಅವಳು ಪ್ರತಿದಿನ ಬಸ್ಸಿನ ಸದ್ದಿಗೆ ತಲೆಯೆತ್ತುತ್ತಿದ್ದಳು, ಮತ್ತೆ ತಲೆಯೆತ್ತಿದ್ದಕ್ಕಾಗಿ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಹನ್ನೆರಡನೆಯ ದಿನ ಬೆಳಿಗ್ಗೆ ಮಚ್ಚು ಮಸೆದು ಗೋಡೆಯ ಪಕ್ಕದ ಸಾಲಿಗೆ ಹೋದಳು. ಕಿಟಕಿಯಲ್ಲಿ ಅತ್ತೆ ನಿಂತಿದ್ದರು. ಅವರ ತುಟಿ ಪ್ರಾರ್ಥನೆಯಲ್ಲಿ ಅಲುಗುತ್ತಿತ್ತು.

“ನಿಲ್ಲಿ!”

ಎದೆಗೆ ಪೆಟ್ಟಿಗೆಯೊಂದನ್ನು ಅವುಚಿಕೊಂಡು ಅವನು ರಸ್ತೆಯಿಂದ ಓಡಿಬರುತ್ತಿದ್ದ. ಏದುಸಿರು ಬಿಡುತ್ತಲೇ ಬೋರಲು ಹಾಕಿದ್ದ ಪೀಪಾಯಿಯ ಮೇಲೆ ಲೋಟಗಳನ್ನು ಜೋಡಿಸಿದ. ಅಳೆದ, ಬೆರೆಸಿದ, ಕುಲುಕಿದ. ಎರಡು ಲೋಟ ಮುಂದಿಟ್ಟ.

“ಎರಡನ್ನೂ ಕುಡಿದು ನೋಡಿ. ನಿಮ್ಮ ಮೆಜ್ಕಾಲ್ ಯಾವುದರಲ್ಲಿ ಚೆನ್ನಾಗಿ ಮಾತಾಡ್ತಿದೆ ಹೇಳಿ.”

ಅವಳು ಕುಡಿದಳು. ಮತ್ತೊಮ್ಮೆ ಕುಡಿದಳು. ಅತ್ತೆಯೂ ಬಂದು, “ದೇವರೇ, ಔಷಧಿ ಅಂದ್ಕೋತೀನಿ, ಕ್ಷಮಿಸಪ್ಪಾ” ಎಂದು ಎರಡರಿಂದಲೂ ಒಂದೊಂದು ಗುಟುಕು ಇಳಿಸಿದರು. ಇಬ್ಬರ ಬೆರಳೂ ಬಲಗಡೆಯ ಲೋಟವನ್ನೇ ತೋರಿಸಿತು.

“ಅದರಲ್ಲಿರೋದು ಅರ್ಧ,” ಎಂದ ಅವನು. “ಎಡಗಡೆಯದಕ್ಕೆ ಹಾಕಿದ್ದರ ಅರ್ಧ. ನಿಮ್ಮ ಕರಕಲು ಸಿಪ್ಪೇನ ನೀರಲ್ಲಿ ಕುದಿಸಿ, ಸಕ್ಕರೆ ಹಾಕಿ ಪಾಕ ಮಾಡಿದೆ. ಹೊಗೆ, ಸಿಹಿ ಎಲ್ಲ ಅದರಿಂದಲೇ ಬರುತ್ತೆ. ಯಜಮಾನರು ನಿನ್ನೆ ಕುಡಿದು ಒಪ್ಪಿದರು. ಇಪ್ಪತ್ತು ಶೀಶೆ ಸಾಕಂತೆ.”

“ಹನ್ನೊಂದು ದಿನ ಇದನ್ನೇ ಮಾಡ್ತಿದ್ರಾ?”

“ಮೊದಲ ಹತ್ತು ದಿನ ಬರೀ ಇದ್ದಿಲಿನ ರುಚಿ. ಉಗುಳಿ ಉಗುಳಿ ಸಾಕಾಯ್ತು.”

ಅವಳು ಮಚ್ಚನ್ನು ಗೋಡೆಗೆ ಒರಗಿಸಿದಳು. ಅವಳಿಗೆ ಕಣ್ಣೀರು ಬಂತು. ಅವನು ಕರವಸ್ತ್ರ ಕೊಟ್ಟ. ಅದೂ ಹೊಗೆ ನಾರುತ್ತಿತ್ತು.

ದಂಟುಗಳು ಮನೆಯ ಮಾಡಿಗಿಂತ ಎತ್ತರ ಬೆಳೆದು ಹಳದಿ ಹೂ ಬಿಟ್ಟವು. ಹೊತ್ತು ಮುಳುಗುವಾಗ ಬಾವಲಿಗಳು ಬಂದವು. ಶೀಶೆಗಳು ಯಾವಾಗಲೋ ಹೋಟೆಲು ಸೇರಿದ್ದವು. ಆದರೂ ಅವನು ವಾರಕ್ಕೊಮ್ಮೆ ಬರುತ್ತಿದ್ದ, ಪ್ರತಿ ಸಲವೂ ಹೊಸದೊಂದು ನೆವದೊಂದಿಗೆ. ಒಂದು ಸಲ ಬಿರಡೆ ಸಡಿಲವಾಗಿದೆ ಎಂದ. ಇನ್ನೊಂದು ಸಲ ಕೊಡೆ ಮರೆತುಹೋಗಿದ್ದೇನೆ ಎಂದ. ಅವನು ಕೊಡೆ ತಂದದ್ದನ್ನು ಯಾರೂ ನೋಡಿರಲಿಲ್ಲ.

ಕಾಯಿ ಒಡೆಯುವ ಹೊತ್ತಿಗೆ ನಾಲ್ಕೂ ಗಿಡಗಳು ಬೂದಿ ಬಣ್ಣಕ್ಕೆ ತಿರುಗಿ ಬಾಗಿದ್ದವು. ಅವಳು ಕಪ್ಪು ಬೀಜಗಳನ್ನು ಕೊಡವಿ, ಅವನ ಅಂಗೈ ತುಂಬ ಸುರಿದಳು. ಅವನ ಬೆರಳುಗಳನ್ನು ತಾನೇ ಮಡಿಸಿದಳು. ಕೈ ಮಾತ್ರ ತೆಗೆಯಲಿಲ್ಲ.

“ಇವು ಭಟ್ಟಿಗೆ ಬರೋಕೆ ಹನ್ನೆರಡು ವರ್ಷ ಬೇಕು. ಮೊದಲ ಎರಡು ವರ್ಷವಂತೂ ದಿನಾ ಯಾರಾದರೂ ನೋಡ್ಕೋಬೇಕು. ವಾರಕ್ಕೊಂದು ಸಲ ಬಸ್ಸಿಳಿದು ಬಂದರೆ ಆಗಲ್ಲ.”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಕಿವಿಯವರೆಗೂ ಕೆಂಪಾದ.

“ಅಷ್ಟು ಹೊತ್ತಿಗೆ ನನಗೆ ಅರವತ್ತು.”

“ನನಗೆ ಐವತ್ತಾರು. ಗಿಡ ವಯಸ್ಸು ಕೇಳಲ್ಲ.”

“ಆಮೇಲೂ ಅದನ್ನ ನಾನು ನುಂಗಲ್ಲ.”

“ಗೊತ್ತು. ಅಂಗೈ ಇದೆಯಲ್ಲ.”

ಹಿಂದೆ ಹೆಜ್ಜೆ ಸದ್ದಾಯಿತು. ಇಬ್ಬರೂ ಬೆಚ್ಚಿ ಕೈ ಬಿಟ್ಟರು. ಅತ್ತೆ ಬಂದಿದ್ದರು, ಕೈಯಲ್ಲಿ ಮಗನ ಅಂಗಿ. ನಾಲ್ಕು ವರ್ಷದಿಂದ ಅದೇ ಗೆರೆಗಳ ಮೇಲೆ ಮಡಿಸಿಟ್ಟಿದ್ದ ಅಂಗಿಯನ್ನು ಒಮ್ಮೆ ಜೋರಾಗಿ ಕೊಡವಿ ಬಿಡಿಸಿದರು. ಎರಡು ಕೈಯಲ್ಲೂ ಹಿಡಿದು ಅವನ ಮುಂದೆ ಚಾಚಿದರು.

“ಬಿತ್ತೋ ಕೆಲಸ ಮಣ್ಣಿಂದು. ನಿನ್ನ ಬಿಳಿ ಅಂಗಿ ಹಾಳಾಗುತ್ತೆ, ಇದನ್ನ ಹಾಕ್ಕೋ ಮಗಾ.”

ತೋಳು ಎರಡು ಬೆರಳಷ್ಟು ಗಿಡ್ಡವಾಯಿತು. ಅತ್ತೆ ಅಂಚನ್ನು ಎಳೆದು ನೋಡಿ, “ಒಳಗೆ ಬಟ್ಟೆ ಇದೆ, ಬಿಚ್ಚಿ ಹೊಲಿದರೆ ಸರಿಹೋಗುತ್ತೆ,” ಎಂದರು. ಸೂಜಿ ದಾರ ತರಲು ಒಳಗೆ ಹೋದರು.