ಶುಕ್ರವಾರದ ಹತ್ತು ಪೊಟ್ಟಣ

"ನಿನ್ನ ತಲೆ ಮುಟ್ಟಿ ಹೇಳ್ತೀನಮ್ಮ... ಇನ್ಯಾವತ್ತೂ, ಯಾವ ಗಂಡಸಿಗೂ, ನಾನಾಗಿ ಹೋಗಿ ಮನಸ್ಸಲ್ಲಿರೋದು ಹೇಳಲ್ಲ!"

ಏಳು ವರ್ಷದ ಹಿಂದೆ ಸುನಂದ ತನ್ನ ತಾಯಿ ಭಾರತಮ್ಮನಿಗೆ ಕೊಟ್ಟ ಮಾತದು.

ಆಗ ಅವಳಿಗೆ ಇಪ್ಪತ್ತೆರಡು. ಕೋಲಾರದ ಕಾಲೇಜಿನಲ್ಲಿ ಜೊತೆಗೆ ಓದುತ್ತಿದ್ದ ಮುರಳಿಮೋಹನನಿಗೆ "ನೀನಂದ್ರೆ ನಂಗಿಷ್ಟ" ಎಂದು ಬಾಯಿಬಿಟ್ಟು ಹೇಳಿದ್ದಳು. ಅವನು ಅದನ್ನೇ ಶ್ರೀನಿವಾಸಪುರದ ಬಸ್ಸಿನಲ್ಲಿ, ಅವಳ ಎದುರೇ, ಅವಳದೇ ದನಿಯಲ್ಲಿ ಅಣಕಿಸಿ ತೋರಿಸಿದ. ಬಸ್ಸೆಲ್ಲ ನಕ್ಕಿತು. ಸಂಜೆಯೊಳಗೆ ಸುದ್ದಿ ಮನೆಗೆ ಬಂತು. ಭಾರತಮ್ಮ ಮೂರು ದಿನ ನೀರು ಹಿಡಿಯಲು ನಲ್ಲಿಯ ಹತ್ತಿರ ಹೋಗಲಿಲ್ಲ.

ಆ ಮಾತನ್ನು ಸುನಂದ ಕಾಪಾಡಿಕೊಂಡೇ ಬಂದಳು. ಬ್ಯಾಂಕ್ ಪರೀಕ್ಷೆ ಬರೆದಳು. ಶ್ರೀನಿವಾಸಪುರದ ಶಾಖೆಯಲ್ಲಿ ಕ್ಯಾಶಿಯರ್ ಆದಳು. ಕೌಂಟರಿನ ಗಾಜಿನ ಹಿಂದೆ ಕೂತವಳಿಗೆ ಜನರ ಕೈ ಕಾಣುತ್ತಿತ್ತೇ ಹೊರತು ಮುಖ ಕಾಣುತ್ತಿರಲಿಲ್ಲ. ಅವಳಿಗೂ ಅಷ್ಟೇ ಸಾಕಾಗಿತ್ತು...

ಕದಿರೇಶ ಬರುವವರೆಗೆ!

ಮಾವಿನ ಸುಗ್ಗಿ ಶುರುವಾಗಿದ್ದ ಒಂದು ಶುಕ್ರವಾರ. ಸಾಲು ಬಾಗಿಲು ದಾಟಿ ಹೊರಗೆ ನಿಂತಿತ್ತು. ಗಾಜಿನ ಕೆಳಗಿನ ಕಿಂಡಿಯಿಂದ ಒಂದರ ಹಿಂದೆ ಒಂದು, ಹತ್ತು ಪ್ಲಾಸ್ಟಿಕ್ ಪೊಟ್ಟಣಗಳು ಒಳಗೆ ಬಂದವು. ಎಲ್ಲದರಲ್ಲೂ ಒಂದು ರೂಪಾಯಿ ಬಿಲ್ಲೆಗಳು!

"ಸಾವಿರ ರೂಪಾಯಿ ಮೇಡಂ. ಒಂದೊಂದ್ರಲ್ಲೂ ನೂರಿದೆ. ನನ್ನ ಅಕೌಂಟಿಗೆ ಕಟ್ಟಬೇಕು."

ಸುನಂದಳಿಗೆ ತಲೆ ಕೆಟ್ಟಿತು. "ಏನ್ರೀ, ಹುಂಡಿ ಒಡೆದ್ರಾ?"

ಸಾಲು ಗೊಳ್ಳೆಂದಿತು. "ಆಯಪ್ಪನ್ನ ಪಕ್ಕಕ್ಕೆ ನಿಲ್ಸಮ್ಮ, ನಮ್ ಲಾರಿ ನಿಂತದೆ!" ಎಂದು ಯಾರೋ ಕೂಗಿದರು.

"ಇಲ್ಲ ಮೇಡಂ. ನೋಡಿ ಆಯ್ತು, ಅದಕ್ಕೆ ತಂದೆ."

"ಏನು ನೋಡಿ ಆಯ್ತು?"

"ಬಿಲ್ಲೆಗಳನ್ನ. ಒಂದೊಂದನ್ನೂ."

ಈ ಮನುಷ್ಯನಿಗೆ ತಲೆ ಸರಿ ಇದೆಯಾ?! ಅವಳು ಮೊದಲ ಸಲ ತಲೆಯೆತ್ತಿದಳು. ಮೂವತ್ತು ದಾಟಿದ ಮುಖ, ಮಾಸಿದ ನೀಲಿ ಅಂಗಿ, ಹೆಗಲಲ್ಲಿ ಸ್ಕ್ರೂಡ್ರೈವರ್ ಇಣುಕುವ ಚೀಲ. ಕಣ್ಣು ಮಾತ್ರ... ಅಷ್ಟು ನಿಧಾನದ ಕಣ್ಣುಗಳನ್ನು ಅವಳು ಆ ಸಾಲಿನಲ್ಲಿ ಎಂದೂ ಕಂಡಿರಲಿಲ್ಲ.

"ಸಾವಿರ ಬಿಲ್ಲೆ ಎಣಿಸ್ತಾ ಕೂತ್ರೆ ಇವರೆಲ್ಲ ನನ್ನ ಬಿಡ್ತಾರಾ?"

"ಎಣಿಸೋದ್ ಬೇಡ ಮೇಡಂ, ತೂಕ ಹಾಕಿ." ಚೀಲದಿಂದ ಅಂಗೈಯಗಲದ ಒಂದು ತೂಕದ ಮಷೀನು ತೆಗೆದು ಕಿಂಡಿಯಲ್ಲಿ ತಳ್ಳಿದ. "ಎಲ್ಲಾ ಹೊಸ ಅಚ್ಚಿನವೇ ಬೇರೆ ಮಾಡಿ ತುಂಬಿದೀನಿ. ನೂರಕ್ಕೆ ಮುನ್ನೂರ ಎಪ್ಪತ್ತೊಂಬತ್ತು ಗ್ರಾಂ ಬರುತ್ತೆ. ಪ್ಲಾಸ್ಟಿಕ್ಕಿಗೆ ಒಂದೆರಡು ಗ್ರಾಂ ಜಾಸ್ತಿ."

ಹತ್ತು ಪೊಟ್ಟಣ ತೂಗಿದಳು. ಹತ್ತೂ ಒಂದೇ ತೂಕ! ನಂಬಿಕೆ ಬರದೆ ಒಂದನ್ನು ಬಿಚ್ಚಿ ಎಣಿಸಿದಳು. ತೊಂಬತ್ತೆಂಟು, ತೊಂಬತ್ತೊಂಬತ್ತು... ನೂರು.

ಕೂಗುತ್ತಿದ್ದ ಲಾರಿಯವನೂ ಕತ್ತು ಉದ್ದ ಮಾಡಿ ನೋಡಿದ. "ಅಬ್ಬಾ, ಭಲೇ ವಾಡು!" ಎಂದು ತೆಲುಗಿನಲ್ಲೇ ಮೆಚ್ಚಿದ.

ಕದಿರೇಶ ನಗಲೂ ಇಲ್ಲ. ಹಣ ಕಟ್ಟಿದ ಚೀಟಿ ತೆಗೆದುಕೊಂಡು, ಮಷೀನು ಚೀಲಕ್ಕೆ ಹಾಕಿ, "ಬರ್ತೀನಿ ಮೇಡಂ" ಎಂದು ಹೋದ.

ಅಂದಿನಿಂದ ಪ್ರತಿ ಶುಕ್ರವಾರವೂ ಹತ್ತು ಪೊಟ್ಟಣ. ಎಂದೂ ಒಂದು ಬಿಲ್ಲೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಪೊಟ್ಟಣದ ಮೇಲೆ ಅಂಟಿಸಿದ ಚೀಟಿಯಲ್ಲಿ ನೇರಳೆ ಪೆನ್ಸಿಲಿನಿಂದ ಬರೆದ ತಾರೀಖು.

ಅವನ ಕೆಲಸ ಅಂಗಡಿ, ಮಂಡಿಗಳ ತೂಕದ ಮಷೀನು ರಿಪೇರಿ. ನಂಗಲಿಯಿಂದ ಗೌನಿಪಲ್ಲಿಯವರೆಗೆ ಬೈಕಿನಲ್ಲಿ ಸುತ್ತಾಟ. ಹವ್ಯಾಸ ಮಾತ್ರ ಇದೊಂದೇ. ಬ್ಯಾಂಕಿನಿಂದ ಬಿಲ್ಲೆ ತಗೊಂಡು ಹೋಗುವುದು, ಒಂದೊಂದನ್ನೂ ದೀಪದ ಕೆಳಗಿಟ್ಟು ನೋಡುವುದು, ಬೇಕಾದ್ದು ಸಿಕ್ಕರೆ ಇಟ್ಟುಕೊಳ್ಳುವುದು, ಉಳಿದದ್ದನ್ನು ಮತ್ತೆ ಬ್ಯಾಂಕಿಗೆ ಕಟ್ಟುವುದು.

"ಏನು ಬೇಕಾದ್ದು ಅದ್ರಲ್ಲಿ?" ಸಾಲು ಖಾಲಿಯಿದ್ದ ಒಂದು ಶುಕ್ರವಾರ ಅವಳೇ ಕೇಳಿದಳು.

"ಇಸವಿ ಕೆಳಗೆ ನೋಡಿ ಮೇಡಂ. ಸಣ್ಣದೊಂದು ಗುರುತು."

"ಅಯ್ಯೋ... ನಕ್ಷತ್ರ!"

"ನಕ್ಷತ್ರ ಇದ್ರೆ ಹೈದರಾಬಾದಲ್ಲಿ ಅಚ್ಚಾಗಿದ್ದು. ವಜ್ರದ ಆಕಾರ ಇದ್ರೆ ಮುಂಬೈದು. ಚುಕ್ಕೆ ನೋಯ್ಡಾದು. ಏನೂ ಇಲ್ದಿದ್ರೆ ಕೋಲ್ಕತ್ತಾದು."

ಅವಳ ಬೆರಳು ಬಿಲ್ಲೆಯ ಮೇಲೇ ನಿಂತಿತು. ಐದು ವರ್ಷದಿಂದ ದಿನಾ ಇವನ್ನೇ ಮುಟ್ಟುತ್ತಿದ್ದೇನೆ... ಒಂದು ದಿನವಾದರೂ ನೋಡಿದೆನಾ?

ಮತ್ತೊಂದು ವಾರ ಅವನು ಜೇಬಿನಿಂದ ಹತ್ತಿಯಲ್ಲಿ ಸುತ್ತಿದ ಬಿಲ್ಲೆಯೊಂದನ್ನು ತೋರಿಸಿದ. ಒಂದು ಮುಖ ನೆಟ್ಟಗೆ ಹಿಡಿದು ತಿರುವಿದರೆ ಇನ್ನೊಂದು ಮುಖ ಓರೆ! ಅಚ್ಚು ಹಾಕುವಾಗ ತಿರುಗಿಬಿಟ್ಟಿತ್ತು.

"ಇದನ್ನ ಎಷ್ಟು ಜನ ಮುಟ್ಟಿರ್ತಾರೋ ಮೇಡಂ... ಟೀ ಅಂಗಡಿ, ಬಸ್ಸು, ದೇವರ ತಟ್ಟೆ. ಯಾರೂ ನೋಡಿಲ್ಲ. ಹನ್ನೊಂದು ಸಾವಿರ ಬಿಲ್ಲೆ ಆದ್ಮೇಲೆ ಸಿಕ್ತು."

ಹನ್ನೊಂದು ಸಾವಿರ! ಬೇಸರವಿಲ್ಲದೆ! ಆ ರಾತ್ರಿ ರಾಗಿ ಮುದ್ದೆ ಮುರಿಯುತ್ತಾ ಸುನಂದ ಯೋಚಿಸಿದಳು. ಒಂದು ರೂಪಾಯಿಯನ್ನೇ ಇಷ್ಟು ಮರ್ಯಾದೆಯಿಂದ ನೋಡುವವನು... ಒಂದು ಮನಸ್ಸನ್ನು ಎಷ್ಟು ಜೋಪಾನವಾಗಿ ನೋಡಿಯಾನು?

"ಏನೇ, ಒಬ್ಬೊಬ್ಳೇ ನಗ್ತಿದೀಯ?" ಭಾರತಮ್ಮ ಕೇಳಿದರು.

"ಏನಿಲ್ಲಮ್ಮ."

ಶುಕ್ರವಾರಗಳಂದು ಅವಳು ಇಸ್ತ್ರಿ ಸೀರೆ ಉಡತೊಡಗಿದಳು. ಅಟೆಂಡರ್ ಗಂಗುಲಪ್ಪ ಮೀಸೆಯಲ್ಲೇ ನಕ್ಕ.

ಆದರೆ ಒಂದು ಗುರುವಾರ ಫೋನ್ ಬಂತು. ಮುಳಬಾಗಿಲು ಶಾಖೆಯ ಕ್ಯಾಶಿಯರ್ ರಜನಿ. ಇಬ್ಬರೂ ಜೊತೆಗೇ ಟ್ರೈನಿಂಗ್ ಮಾಡಿದವರು.

"ಲೇ ಸುನಂದ, ನಮ್ ಬ್ರಾಂಚಿಗೆ ಒಬ್ಬ ಬರ್ತಾನೆ ಕಣೇ! ತೂಕದ ಮಷೀನ್ ರಿಪೇರಿಯವನಂತೆ, ಕದಿರೇಶ ಅಂತ. ಪ್ರತಿ ಮಂಗಳವಾರ! ಪಕ್ಕದ ಕೌಂಟರ್ ಖಾಲಿ ಇದ್ರೂ ನನ್ನ ಹತ್ರಾನೇ ನಿಲ್ತಾನೆ. ನಾನೇ ಕೈಯಾರೆ ಕೊಟ್ಟ ಬಿಲ್ಲೇನ ಕಣ್ಣಿಗೊತ್ಕೊಳ್ಳೋ ಹಾಗೆ ತಗೋತಾನೆ. ಇಲ್ಲೆಲ್ಲಾ ನನ್ನ ರೇಗಿಸೋದೇ ರೇಗಿಸೋದು!"

ಸುನಂದ ಏನೋ ನೆಪ ಹೇಳಿ ಫೋನಿಟ್ಟಳು.

ತಗೊಳ್ಳೋದು ಅವಳ ಹತ್ತಿರ... ನೋಡಿ ಬೇಡವಾದದ್ದನ್ನು ತಂದು ಸುರಿಯೋದು ನನ್ನ ಹತ್ತಿರ!

ಬಸ್ಸಿನ ಆ ನಗು ಏಳು ವರ್ಷದ ಮೇಲೆ ಮತ್ತೆ ಕಿವಿಯಲ್ಲಿ ಕೇಳಿಸಿತು. ಸದ್ಯ... ಬಾಯಿಬಿಟ್ಟು ಏನೂ ಹೇಳಲಿಲ್ಲವಲ್ಲ!

ಮರುದಿನ ಅವನು ಪೊಟ್ಟಣಗಳನ್ನು ಕಿಂಡಿಯಲ್ಲಿ ಇಡುತ್ತಿದ್ದಂತೆ ಅವಳ ದನಿ ಚುರುಕಾಯಿತು.

"ಇವನ್ನ ಎಲ್ಲಿಂದ ತಗೊಂಡ್ರಿ?"

"ಮುಳಬಾಗಿಲಿಂದ ಮೇಡಂ. ಅಲ್ಲಿ ದೇವಸ್ಥಾನದ ಹುಂಡಿ ಚಿಲ್ಲರೆ ಬರುತ್ತೆ, ಅದಕ್ಕೆ..."

"ಕಾಳು ಅಲ್ಲಿ, ಹೊಟ್ಟು ಇಲ್ಲಿ! ಅಲ್ವಾ? ತಗೊಂಡ ಕಡೆನೇ ಹೋಗಿ ಕಟ್ಟಿ. ನಮ್ಮ ಬ್ಯಾಂಕೇನು ತಿಪ್ಪೆನಾ? ಇನ್ಮೇಲೆ ಕಟ್ಟೋಕೆ ಇಲ್ಲಿಗೆ ಬರಬೇಡಿ."

ಅವನ ಮುಖ ಇಳಿಯಿತು. ಪೊಟ್ಟಣಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡ.

"ಸರಿ ಮೇಡಂ. ಇಷ್ಟ್ ದಿನ ತೊಂದ್ರೆ ಕೊಟ್ಟೆ."

ಅವನು ಬಾಗಿಲು ದಾಟುವವರೆಗೂ ಅವಳು ತಲೆಯೆತ್ತಲಿಲ್ಲ. ಎತ್ತಿದ್ದರೆ ಕಣ್ಣೀರು ಕಾಣುತ್ತಿತ್ತು...

ಮುಂದಿನ ಶುಕ್ರವಾರ ಅವನು ಬರಿಗೈಯಲ್ಲಿ ಸಾಲಿನಲ್ಲಿ ನಿಂತಿದ್ದ! ಕಿಂಡಿಯಲ್ಲಿ ನೂರರ ಹತ್ತು ನೋಟು ಇಟ್ಟ.

"ಸಾವಿರ ರೂಪಾಯಿಗೆ ಒಂದ್ರೂಪಾಯಿ ಬಿಲ್ಲೆ ಕೊಡ್ತೀರಾ ಮೇಡಂ?"

ಅವಳು ಸಿಟ್ಟಿನಲ್ಲೇ ಕಪಾಟಿನಿಂದ ಹತ್ತು ಪೊಟ್ಟಣ ತೆಗೆದು ತಳ್ಳಿದಳು. ಅದರ ಮುಂದಿನ ಶುಕ್ರವಾರವೂ ಹಾಗೆಯೇ. ಮೂರನೆಯ ಶುಕ್ರವಾರ ತಡೆಯಲಾಗಲಿಲ್ಲ.

"ಯಾಕೆ, ಮುಳಬಾಗಿಲಲ್ಲಿ ಸಿಗಲ್ವಾ?"

"ಸಿಗುತ್ತೆ ಮೇಡಂ."

"ಮತ್ತೆ ಇಲ್ಲಿಗ್ಯಾಕೆ ಬರ್ತೀರಾ?"

ಅವನು ಪೊಟ್ಟಣಗಳನ್ನು ಎತ್ತಿಕೊಂಡು ಹೊರಟುಹೋದ.

ನಾಲ್ಕನೆಯ ಶುಕ್ರವಾರ ಅವನು ಬರಲಿಲ್ಲ.

ಎರಡು ಗಂಟೆಯಾಯಿತು, ಮೂರಾಯಿತು. ಸುನಂದ ಬಾಗಿಲನ್ನೇ ನೋಡುತ್ತಿದ್ದಳು. ಗಂಗುಲಪ್ಪ ಟೀ ತಂದಿಟ್ಟು ಅಲ್ಲೇ ನಿಂತ.

"ಆಯಪ್ಪ ಬರಲ್ಲ ಬಿಡಮ್ಮ. ನೀನ್ ಅಂಗೆ ಬೈದ್ರೆ ಯಾರ್ ಬರ್ತಾರೆ?"

"ಅವರವರ ಇಷ್ಟ ಗಂಗುಲಪ್ಪ. ಬಿಲ್ಲೆ ಬೇಕಿತ್ತು, ತಗೊಂಡ್ರು."

"ಏನ್ ಬಿಲ್ಲೆ ಬೇಕಿತ್ತಮ್ಮ? ನೀನ್ ಕೊಟ್ಟಿದ್ದು ಆಯಪ್ಪನೇ ತಂದಿದ್ ಪೊಟ್ಟಣ! ಕಪಾಟಲ್ಲಿ ಬಿದ್ದಿದ್ವಲ್ಲ, ನೇರಳೆ ಪೆನ್ಸಿಲ್ ಬರ್ದಿರೋವು. ಮೂರ್ ಸಲಾನೂ ಅವೇ ಕೊಟ್ಟೆ. ಆಯಪ್ಪ ನೋಡ್ದ, ಸುಮ್ನೆ ತಗೊಂಡೋದ. ನಾನೇ ಕಣ್ಣಾರೆ ನೋಡಿದೀನಿ."

ಸುನಂದ ಧಡಕ್ಕನೆ ಎದ್ದು ಕಪಾಟು ತೆರೆದಳು. ಉಳಿದ ಪೊಟ್ಟಣಗಳೆಲ್ಲದರ ಮೇಲೂ ಅದೇ ಅಕ್ಷರ! ಆ ಸಿಟ್ಟಿನಲ್ಲಿ ಅವಳು ಚೀಟಿಯನ್ನೂ ನೋಡಿರಲಿಲ್ಲ.

ರಜನಿಗೆ ಫೋನ್ ಮಾಡಿದಳು.

"ರಜನಿ, ಆ ಕದಿರೇಶ... ನಿಮ್ಮಲ್ಲಿ ತಗೊಂಡಿದ್ದನ್ನ ನಿಮ್ಮಲ್ಲೇ ಯಾಕೆ ಕಟ್ಟಲ್ಲ? ಕೇಳಿದ್ಯಾ ಯಾವತ್ತಾದ್ರೂ?"

"ಕೇಳ್ದೆ ಕಣೇ. ಅದು ಅವ್ರ ಹವ್ಯಾಸದೋರ ಕಟ್ಟುಪಾಡಂತೆ. ತಗೊಳ್ಳೋ ಬ್ಯಾಂಕ್ ಬೇರೆ, ಬಿಡೋ ಬ್ಯಾಂಕ್ ಬೇರೆ. ಬಿಟ್ಟ ಕಡೆ ತಿರುಗಿ ತಗೊಂಡ್ರೆ ನೋಡಿದ ಬಿಲ್ಲೇನೇ ಮತ್ತೆ ನೋಡ್ಬೇಕಲ್ಲ, ದಡ್ಡ ಕೂಡ ಆ ಕೆಲ್ಸ ಮಾಡಲ್ಲ ಅಂದ."

"ಮತ್ತೆ... ನಿನ್ನ ಕೌಂಟರಿಗೇ ಯಾಕೆ ಬರ್ತಾನೆ?"

"ಚಿಲ್ಲರೆ ಪೆಟ್ಟಿಗೆ ಇರೋದು ನನ್ನ ಹತ್ರ ತಾನೇ! ಬೇರೆ ಕೌಂಟರಲ್ಲಿ ನಿಂತು ಏನ್ ಮಾಡ್ತಾನೆ? ಇವ್ರು ರೇಗಿಸ್ತಾರೆ ಅಂತ ನಾನೂ ಜಂಬ ಕೊಚ್ಕೊಂಡೆ ಅಷ್ಟೇ. ನನ್ನ ಮುಖ ನೆಟ್ಟಗೆ ನೋಡಿದ್ರೆ ಕೇಳು! ಹ್ಞಾಂ, ಒಂದ್ಸಲ ಅಂದ... ಶ್ರೀನಿವಾಸಪುರದ ಮೇಡಂ ಒಬ್ರಿದ್ದಾರೆ, ಬಿಲ್ಲೇಲಿ ನಕ್ಷತ್ರ ಕಂಡು ಎಷ್ಟ್ ಖುಷಿಪಟ್ರು ಅಂತ... ಹಲೋ? ಲೇ ಸುನಂದ, ಇದೀಯೇನೇ?!"

ಅವಳು ಫೋನಿಟ್ಟು ಕಪಾಟಿನ ನೇರಳೆ ಅಕ್ಷರಗಳನ್ನೇ ನೋಡಿದಳು.

ದಡ್ಡ ಕೂಡ ಮಾಡದ ಕೆಲಸ... ಮೂರು ವಾರ ಮಾಡಿದ್ದ!

ಮರುದಿನ ಎರಡನೆಯ ಶನಿವಾರ. ಬ್ಯಾಂಕಿಗೆ ರಜೆ. ಅವನು ಶನಿವಾರ ಗೌನಿಪಲ್ಲಿಯ ಮಾವಿನ ಮಂಡಿಗಳಲ್ಲಿ ಇರುತ್ತಾನೆಂದು ಗಂಗುಲಪ್ಪನೇ ಹೇಳಿದ್ದ. ಬಸ್ಸು ತೋಟಗಳ ನಡುವೆ ಹೋಗುವಾಗ ಸುನಂದ ಒಂದೇ ಸಮನೆ ಬೇಡಿಕೊಳ್ಳುತ್ತಿದ್ದಳು. ಅವನೇ ಮೊದಲು ಹೇಳಲಿ ದೇವರೇ... ಅಮ್ಮನಿಗೆ ಕೊಟ್ಟ ಮಾತು ನನ್ನನ್ನು ಕಟ್ಟಿಹಾಕಿದೆ.

ಮಂಡಿಯ ಚಪ್ಪರದಡಿ ಕದಿರೇಶ ದೊಡ್ಡ ತೂಕದ ಮಷೀನಿನ ಮೇಲೆ ಐದು ಕೇಜಿಯ ಕಬ್ಬಿಣದ ಬಟ್ಟು ಇಟ್ಟು ಅಂಕಿ ನೋಡುತ್ತಿದ್ದ. ಅವಳನ್ನು ಕಂಡು ಹಾಗೇ ಎದ್ದು ನಿಂತ.

"ಮೇಡಂ? ನೀವು... ಇಲ್ಲಿ?"

"ಬಿಟ್ಟ ಬ್ಯಾಂಕಲ್ಲಿ ತಿರುಗಿ ತಗೋಬಾರ್ದಂತೆ. ಹೌದಾ?"

ಅವನು ತಲೆ ತಗ್ಗಿಸಿದ. "ಹೌದು."

"ಹಂಗಾದ್ರೆ ಮೂರು ವಾರ ನಮ್ಮಲ್ಲಿ ತಗೊಂಡ್ರಲ್ಲ, ಅದ್ರಲ್ಲಿ ಏನು ಹುಡುಕಿದ್ರಿ?"

"ಒಂದು ಪೊಟ್ಟಣಾನೂ ಬಿಚ್ಚಿಲ್ಲ ಮೇಡಂ. ಅದ್ರಲ್ಲಿ ಏನಿದೆ ಅಂತ ಗೊತ್ತಿತ್ತಲ್ಲ."

"ಮತ್ಯಾಕೆ?"

"ಕಟ್ಟೋಕೆ ಬರಬೇಡಿ ಅಂದ್ರಿ..." ಅವನ ದನಿ ಸಣ್ಣಗಾಯಿತು. "ತಗೊಳ್ಳೋಕೆ ಬರಬೇಡಿ ಅಂದಿರ್ಲಿಲ್ಲ."

ಸುನಂದಳ ಕಣ್ಣು ತುಂಬಿತು. ಅವಳು ಕಾದಳು. ಇನ್ನೊಂದೇ ಮಾತು... ಹೇಳಿಬಿಡು, ನೀನೇ ಹೇಳಿಬಿಡು!

ಅವನು ಬಟ್ಟು ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಹನ್ನೊಂದು ಸಾವಿರ ಬಿಲ್ಲೆ ನೋಡುವ ತಾಳ್ಮೆಯವನು... ಹೀಗೇ ಹನ್ನೊಂದು ವರ್ಷ ಸುಮ್ಮನೆ ನಿಂತೇ ಇದ್ದುಬಿಡುತ್ತಾನೆ!

"ಏನಪ್ಪೋ, ನನ್ ಕಾಯಿ ತೂಗ್ತೀಯೋ ಇಲ್ಲ ಆ ಬಟ್ಟನ್ನೇ ತೂಗ್ತಿರ್ತೀಯೋ?" ಮಾವಿನ ಕ್ರೇಟಿನ ಮೇಲೆ ಕೂತಿದ್ದ ಮಂಡಿಯ ಸಾಹುಕಾರ ವೆಂಕಟರಾಯಪ್ಪ ರೇಗಿದ.

ನಾಲ್ಕಾರು ಕೂಲಿಯವರು ನಕ್ಕರು. ಸುನಂದಳಿಗೆ ಆ ಬಸ್ಸು ನೆನಪಾಯಿತು. ಮೂರು ದಿನ ಮನೆಯಿಂದಾಚೆ ಬಾರದ ಅಮ್ಮನ ಮುಖ ನೆನಪಾಯಿತು. ತಿರುಗಿ ಹೋಗಿಬಿಡಲೇ?

ಅವನೂ ನಗುತ್ತಿದ್ದಾನಾ ಎಂದು ನೋಡಿದಳು. ಅವನು ನಗುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದ, ದೀಪದ ಕೆಳಗಿಟ್ಟು ನೋಡುವ ಹಾಗೆ.

"ಕದಿರೇಶ್." ಎಲ್ಲರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದಳು. "ನೀವಂದ್ರೆ ನಂಗಿಷ್ಟ. ನನ್ನ ಮದುವೆ ಆಗ್ತೀರಾ?"

ವೆಂಕಟರಾಯಪ್ಪ ಕ್ರೇಟಿನಿಂದ ಎದ್ದು ನಿಂತ.

"ಮೇಡಂ..."

"ಮೇಡಂ ಅಲ್ಲ."

"ಸುನಂದಾ..." ಆ ಹೆಸರನ್ನು ಎಷ್ಟೋ ದಿನದಿಂದ ಒಳಗೇ ಇಟ್ಟುಕೊಂಡಿದ್ದವನ ಹಾಗೆ ಹೇಳಿದ. "ಆಗ್ತೀನಿ. ನಾನ್ ಕೇಳ್ಬೇಕು ಅಂತಿದ್ದೆ. ನೀವು ಬ್ಯಾಂಕಲ್ಲಿ ಇರೋರು, ನಾನು ಊರೂರು ಸುತ್ತೋನು... ಬಾಯೇ ಬರ್ಲಿಲ್ಲ."

"ಇನ್ಮೇಲಾದ್ರೂ ಬರುತ್ತಾ?"

"ಕಲ್ತ್ಕೋತೀನಿ. ಸ್ವಲ್ಪ ನಿಧಾನ ಆಗುತ್ತೆ. ಪರವಾಗಿಲ್ವಾ?"

"ಪರವಾಗಿಲ್ಲ ಕಣ್ರೀ," ಎಂದಳು, ಅಳುತ್ತಾ, ನಗುತ್ತಾ. "ಈಗ ಅವರ ಕಾಯಿ ತೂಗಿ. ಪಾಪ, ಕಾಯ್ತಿದ್ದಾರೆ."

ಅಮ್ಮನ ತಲೆ ಮುಟ್ಟಿ ಕೊಟ್ಟಿದ್ದ ಮಾತನ್ನು ಸುನಂದ ಆ ಶನಿವಾರ ಮುರಿದಳು.