ಹನ್ನೊಂದು ಸೆಕೆಂಡು

"ಪರಶು, ಇಲ್ಲಿ ಏನೋ ಕಡಿಮಿ ಆಗೇತಿ."

ಪ್ರಜ್ಞಾ ಒಂದು ಕಿವಿಯ ಇಯರ್‌ಫೋನ್ ತೆಗೆದು ನನ್ನತ್ತ ಹಿಡಿದಳು. ನಾನು ತೆಗೆದುಕೊಳ್ಳಲಿಲ್ಲ. ಅವಳು ನಿಲ್ಲಿಸಿದ್ದು ಎರಡನೇ ಚರಣ ಮುಗಿದ ಜಾಗದಲ್ಲಿ ಎಂಬುದು ಕೇಳದೆಯೇ ಗೊತ್ತಿತ್ತು. ಅಲ್ಲಿ ಹನ್ನೊಂದು ಸೆಕೆಂಡು ಇರಲಿಲ್ಲ. ಕತ್ತರಿಸಿದವನು ನಾನೇ.

"ಏನೂ ಕಡಿಮಿ ಇಲ್ಲ. ಹಾಡು ಇರೂದ ಹಂಗ," ಎಂದೆ.

"ಹಂಗಿಲ್ಲ. ಇಲ್ಲಿ ಕರೆಂಟ್ ಹೋಗಿತ್ತು. ನೆನಪಿಲ್ಲೇನು ನಿಂಗ?"

ನೆನಪಿಲ್ಲದೆ ಏನು. ಅದನ್ನು ಮರೆಯಲು ಮೂರು ವರ್ಷದಿಂದ ಒದ್ದಾಡುತ್ತಿದ್ದೇನೆ.

ಪ್ರಜ್ಞಾ ಸಿಂದಗಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ನಾನು ಇಂಡಿ ಪಟ್ಟಣದಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿದ್ದೇನೆ. ದಿನವಿಡೀ ಊರವರ ತೋಳಿಗೆ ಸೂಜಿ ಚುಚ್ಚುತ್ತ "ಏನೂ ಆಗೂದಿಲ್ರಿ, ಅಂಜಬ್ಯಾಡ್ರಿ" ಎನ್ನುವುದು ನನ್ನ ಕೆಲಸ. ನನಗೆ ಹಾಗೆ ಹೇಳುವವರು ಯಾರೂ ಇಲ್ಲ. ಅವಳ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಶಿಕ್ಷಕರದೂ ಒಂದು ಹಾಡು ಇರುತ್ತದೆ. ಈ ವರ್ಷ ಅವಳು 'ಎರಿಮಣ್ಣು' ಬ್ಯಾಂಡಿನ 'ಉಪ್ಪಿನ ಹೊಳಿ' ಹಾಡುತ್ತೇನೆಂದು ಹಟ ಹಿಡಿದು, ಡ್ರಮ್ ಬಾರಿಸಲು ನನ್ನನ್ನು ಕರೆದಿದ್ದಳು. ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ವಿಜ್ಞಾನದ ಕೋಣೆಯಲ್ಲಿ ಪ್ರಾಕ್ಟೀಸ್. ಅವಳ ಕೈಯಲ್ಲಿ ಗಿಟಾರ್, ನನ್ನ ಮುಂದೆ ಪರೇಡಿನ ಡ್ರಮ್ಮು, ಪಕ್ಕದಲ್ಲಿ ಬೋರಲು ಹಾಕಿದ ಒಂದು ಬಕೆಟ್ಟು.

ಎರಿಮಣ್ಣು ವಿಜಯಪುರದ ಮೂವರ ಬ್ಯಾಂಡು. ಅವರು ಎಲ್ಲಿ ಬಾರಿಸಿದರೂ ನಾನು, ಪ್ರಜ್ಞಾ, ನಮ್ಮ ಗೆಳೆಯ ಮುತ್ತು ಹೋಗುತ್ತಿದ್ದೆವು. ತಾಳಿಕೋಟೆಯಲ್ಲಿ ಇನ್ನೂರು ಕುರ್ಚಿ ಹಾಕಿದ್ದರು, ಬಂದವರು ನಲವತ್ತು ಜನ. ಮುದ್ದೇಬಿಹಾಳದಲ್ಲಿ ಸಂಘಟಕರು ವೇದಿಕೆ ಹತ್ತಿ "ಸಿನಿಮಾ ಹಾಡು ಹೇಳ್ರಿ" ಎಂದಾಗ ಪ್ರಜ್ಞಾ ಚಪ್ಪಲಿ ಬಿಟ್ಟು ಕುರ್ಚಿಯ ಮೇಲೆ ನಿಂತು "ಹೇಳಬ್ಯಾಡ್ರಿ" ಎಂದು ಕೂಗಿದ್ದಳು. ನಾನು ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ನನ್ನ ಪ್ರೀತಿಗೆ ಆಗಲೇ ಎರಡು ವರ್ಷವಾಗಿತ್ತು.

ಕೊನೆಯ ಕಾರ್ಯಕ್ರಮ ವಿಜಯಪುರದಲ್ಲಿ. ಅಂದು ಸಂಜೆ ಉಪ್ಪಿನ ಹೊಳಿಯ ಎರಡನೇ ಚರಣ ಮುಗಿಯುತ್ತಿದ್ದಂತೆ ಕರೆಂಟ್ ಹೋಯಿತು. ಮೈಕು ಸತ್ತಿತು, ಗಿಟಾರ್ ಸತ್ತಿತು. ಡ್ರಮ್ಮಿಗೆ ಕರೆಂಟಿನ ಹಂಗಿಲ್ಲವಲ್ಲ, ಡ್ರಮ್ಮರ್ ಕತ್ತಲಲ್ಲಿ ಒಬ್ಬನೇ ಬಾರಿಸುತ್ತ ಹೋದ. ನನ್ನ ಫೋನು ರೆಕಾರ್ಡ್ ಮಾಡುತ್ತಿತ್ತು. ಪ್ರಜ್ಞಾ ಎರಡು ಸಾಲು ಮುಂದಿದ್ದಳು. ಮುಖ ಕಾಣದ ಧೈರ್ಯಕ್ಕೆ ನಾನು ಪಕ್ಕದ ಮುತ್ತುಗೆ ಹೇಳಿದೆ:

"ಈ ಹಾಡು ಮುಗಿಯೂದ್ರಾಗ ಪ್ರಜ್ಞಾಗ ಹೇಳೇ ಬಿಡ್ತೇನಿ, ನೀ ಇಲ್ಲದ ನಂಗ ಆಗಂಗಿಲ್ಲ ಅಂತ."

ಕರೆಂಟ್ ಬಂತು. ಹಾಡು ಮುಗಿಯಿತು. ನಾನು ಹೇಳಲಿಲ್ಲ. ಮರುವಾರ ಬ್ಯಾಂಡೂ ಮುರಿಯಿತು. ಆ ಹಾಡನ್ನು ಅವರು ಎಲ್ಲಿಯೂ ಬಿಡುಗಡೆ ಮಾಡಿರಲಿಲ್ಲವಾದ್ದರಿಂದ ಉಳಿದದ್ದು ನನ್ನ ರೆಕಾರ್ಡಿಂಗ್ ಮಾತ್ರ. ಪ್ರಜ್ಞಾ ಅದನ್ನು ಕಳಿಸು ಎಂದಾಗ ನನ್ನ ದನಿ ಇದ್ದ ಹನ್ನೊಂದು ಸೆಕೆಂಡು ಕತ್ತರಿಸಿ ಕಳಿಸಿದ್ದೆ.

"ಫೋನ್ ಹ್ಯಾಂಗ್ ಆಗಿರಬೇಕು," ಎಂದೆ ಈಗ.

ಅವಳು ಕನ್ನಡಕದ ಮೇಲಿನಿಂದ ನೋಡಿದಳು. ನೋಟ್‌ಬುಕ್ ಮನೆಯಲ್ಲಿ ಬಿಟ್ಟು ಬಂದೆ ಎನ್ನುವವರನ್ನು ನೋಡುವ ನೋಟ ಅದು. ಆ ನೋಟದಲ್ಲೂ ಅವಳು ಚೆಂದವೇ ಕಾಣುತ್ತಾಳೆ ಎಂಬುದು ನನ್ನ ಕಷ್ಟ.

"ಇರ್ಲಿ ಬಿಡು. ಮುತ್ತುನ ಕಡೆ ಪೂರಾ ಐತಂತ. ಕಳಸು ಅಂತ ಹೇಳೇನಿ."

ನನ್ನ ಕೈಯಿಂದ ಕೋಲು ಜಾರಿ ಬಕೆಟ್ಟಿನ ಮೇಲೆ ಬಿತ್ತು. ಅಂದು ಸಂಜೆಯೇ, ಕತ್ತರಿಸುವ ಮೊದಲೇ, ಮುತ್ತುಗೆ ಇಡೀ ಹಾಡು ಕಳಿಸಿದ್ದನ್ನು ನಾನು ಮರೆತೇಬಿಟ್ಟಿದ್ದೆ.

ಇಂಡಿಗೆ ಮರಳುವ ಬಸ್ಸು ಹತ್ತಿದವನೇ ಫೋನ್ ಮಾಡಿದೆ.

"ಮುತ್ತು, ಆ ರೆಕಾರ್ಡಿಂಗ್ ಪ್ರಜ್ಞಾಗ ಕಳಸಬ್ಯಾಡ."

"ಈಗಷ್ಟ ಕಳಸಿದೆ. ಯಾಕ?"

"ಅದರಾಗ ನಾ ಮಾತಾಡೇನಿ."

"ಹೌದಲ್ಲ, ಮರ್ತಿದ್ದೆ. ಡ್ರಮ್ಮಿನ ಸಪ್ಪಳದಾಗ ಆಕಿಗೆ ಕೇಳಸಾಕಿಲ್ಲ ಬಿಡು."

"ನಿಂಗ ಕೇಳಸ್ತೇನು?"

"ನಂಗ ಸ್ವಚ್ಛ ಕೇಳಸ್ತು," ಎಂದ ಪುಣ್ಯಾತ್ಮ.

ಆ ವಾರ ನಾನು ಸರಿಯಾಗಿ ಉಣ್ಣಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಫೋನ್ ತೆಗೆದು ನೋಡಿದೆ. ಅವಳು ಬೈದಿದ್ದರೆ ಸಹಿಸುತ್ತಿದ್ದೆ. ಆದರೆ ಅವಳು ಮುಜುಗರಪಟ್ಟು, ನನ್ನನ್ನು ಕರೆಯುವುದನ್ನೇ ಬಿಟ್ಟರೆ? ವಾರಕ್ಕೊಮ್ಮೆ ಬಸ್ಸು ಹಿಡಿದು ಅವಳೆದುರು ಎರಡು ತಾಸು ಕೂರುವುದೇ ನನ್ನ ಪಾಲಿಗೆ ಎಲ್ಲಾ ಆಗಿತ್ತು. ಅದನ್ನು ಕಳೆದುಕೊಳ್ಳಬಾರದೆಂದೇ ಐದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಶುಕ್ರವಾರ ಒಂದೇ ಮೆಸೇಜ್ ಬಂತು: "ನಾಳೆ ಹತ್ತಕ್ಕ ಬಾ. ಬಿಳಿ ಅಂಗಿ ಹಾಕ್ಕೋ." ಅದರಲ್ಲಿ ಸಿಟ್ಟಿದೆಯೋ ಇಲ್ಲವೋ ಎಂದು ನಾನು ಮಲಗುವವರೆಗೂ ಓದಿದೆ.

ಮರುದಿನ ಗ್ಯಾದರಿಂಗಿನ ವೇದಿಕೆಯ ಹಿಂದೆ ಅವಳು ಗಿಟಾರಿನ ತಂತಿ ಬಿಗಿಯುತ್ತಿದ್ದಳು. ಹಸಿರು ಇಳಕಲ್ಲ ಸೀರೆ, ಕಿವಿಯ ಹಿಂದೆ ಸಿಕ್ಕಿಸಿದ ಪೆನ್ನು. ತೆಗೆಯುವುದನ್ನು ಮರೆತಿದ್ದಳು.

"ಮುತ್ತುನ ರೆಕಾರ್ಡಿಂಗ್ ಬಂತೇನು?"

"ಬಂತು."

"ಕೇಳಿದೇನು?"

"ತಂತಿ ಬಿಗ್ಯಾಕತ್ತೇನಿ, ಕಾಣವಲ್ದೇನು?" ಎಂದಳು, ತಲೆ ಎತ್ತದೆ. "ಎರಡನೇ ಚರಣ ಆದ ಮ್ಯಾಲ ನಾ ಗಿಟಾರ್ ಬಿಡ್ತೇನಿ. ನೀ ಒಬ್ಬನ ಬಾರಸು. ಹನ್ನೊಂದು ಸೆಕೆಂಡು."

ಹನ್ನೊಂದು ಎಂದು ನಾನು ಅವಳಿಗೆ ಎಂದೂ ಹೇಳಿರಲಿಲ್ಲ. ಅಂಗೈ ಬೆವರಿತು.

ಗ್ಯಾದರಿಂಗಿನ ಉಸ್ತುವಾರಿ ಪಾಂಡುರಂಗ ಸರ್ ಬಂದು, "ಆರು ಮಿನಿಟ್ ನೋಡ್ರಿ ಟೀಚರ್, ಮ್ಯಾಗ ಒಂದು ಸೆಕೆಂಡ್ ಕೊಡಂಗಿಲ್ಲ," ಎಂದು ಎಚ್ಚರಿಸಿ ಹೋದರು.

ಅವಳು ರೆಕಾರ್ಡಿಂಗ್ ಶುರುಮಾಡಿ ತನ್ನ ಫೋನನ್ನು ಮೈಕಿನ ಸ್ಟ್ಯಾಂಡಿಗೆ ಸಿಕ್ಕಿಸಿ ಹಾಡಲು ಶುರುಮಾಡಿದಳು. ಮೊದಲ ಚರಣ ಹೇಗೆ ಹೋಯಿತೋ ತಿಳಿಯಲಿಲ್ಲ. ಎರಡನೆಯದು ಮುಗಿಯಿತು. ಅವಳು ತಂತಿಯಿಂದ ಕೈ ತೆಗೆದು, ಮೈಕ್ ಬಿಟ್ಟು, ನೇರವಾಗಿ ನನ್ನ ಡ್ರಮ್ಮಿನ ಬಳಿ ಬಂದು ಬಗ್ಗಿದಳು.

"ಇನ್ನೊಂದ ಚರಣ ಐತಿ, ಪರಶು. ಹಾಡು ಮುಗಿಯಾಕ ಬಂತು. ಹೇಳ್ತೀಯೋ ಇಲ್ಲೋ?"

ಕೈಗಳು ತಮ್ಮಷ್ಟಕ್ಕೆ ಬಾರಿಸುತ್ತಿದ್ದವು. ಅವಳ ಕಣ್ಣಿನಲ್ಲಿ ನಗುವೂ ಇತ್ತು, ನೀರೂ ಇತ್ತು. ಅವಳೂ ಅಂಜಿದ್ದಾಳೆ ಎಂದು ನನಗೆ ಆಗ ತಿಳಿಯಿತು.

"ನೀ ಇಲ್ಲದ ನಂಗ ಆಗಂಗಿಲ್ಲ," ಎಂದೆ. ಡ್ರಮ್ಮನ್ನು ಮೀರಿ ಹೇಳಬೇಕಾಗಿದ್ದರಿಂದ ಸ್ವಲ್ಪ ಜೋರಾಗಿಯೇ ಹೇಳಿದೆ. ಮೊದಲ ಸಾಲಿನ ಹುಡುಗಿಯರು ಒಬ್ಬರನ್ನೊಬ್ಬರು ತಿವಿದುಕೊಂಡರು.

ಅಷ್ಟರಲ್ಲಿ ಹಾಡು, ಗಿಟಾರ್ ಎರಡೂ ನಿಂತದ್ದಕ್ಕೆ ಕರೆಂಟ್ ಹೋಯಿತೆಂದುಕೊಂಡ ಪಾಂಡುರಂಗ ಸರ್ ಮೈಕಿನವನ ಕಡೆ ಓಡಿದರು. ಅವರ ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಹನ್ನೊಂದು ಸೆಕೆಂಡು ಎಂದೋ ದಾಟಿತ್ತು. ನಾನು ಬಾರಿಸುತ್ತಲೇ ಇದ್ದೆ, ಬಗ್ಗಿದ ಅವಳು ಏಳಲೇ ಇಲ್ಲ.

"ಅವತ್ತ ಕರೆಂಟ್ ಹೋದಾಗ ನಾ ಹಿಂದ ತಿರುಗಿ ನೋಡಿದ್ದೆ," ಎಂದಳು. "ನೀ ಬಾಜೂಕ ಬಂದು ನಿಂತಿರ್ತಿ ಅನ್ಕೊಂಡಿದ್ದೆ. ಕತ್ತಲದಾಗ ನಿನ್ನ ಮಾರಿ ಕಾಣಲಿಲ್ಲ. ಮೂರು ವರ್ಷ ಆತು, ಇನ್ನೂ ತಿರುಗಿ ನೋಡಾಕತ್ತೇನಿ."

ಮೈಕಿಗೆ ಮರಳಿ ಮೂರನೇ ಚರಣ ಎತ್ತಿಕೊಂಡಳು. 'ದಾಟೂದಾದ್ರ ಈಗ ದಾಟು, ಹೊಳಿಗೆ ನೀರ ಬರೂದ್ರಾಗ.' ನನ್ನ ತಾಳ ಎರಡು ಸಲ ತಪ್ಪಿತು. ಅದು ಗೊತ್ತಾದದ್ದು ಅವಳಿಗೊಬ್ಬಳಿಗೇ. ಹಾಡುತ್ತಲೇ ಹಿಂತಿರುಗಿ ನೋಡಿದಳು. ಈ ಸಲ ಬೆಳಕಿತ್ತು.

ಕೆಳಗಿಳಿದಾಗ ಸರ್ ಗಡಿಯಾರ ಹಿಡಿದು ನಿಂತಿದ್ದರು. "ಏಳು ಮಿನಿಟ್ ಆತು ಟೀಚರ್."

"ತಡಾ ಆತ್ರಿ ಸರ್, ಭಾಳ ತಡಾ ಆತು," ಎಂದು ಅವಳು ತನ್ನ ಫೋನು ಒತ್ತುತ್ತ ನನ್ನತ್ತ ನೋಡಿದಳು. ನನ್ನ ಜೇಬಿನಲ್ಲಿ ಫೋನು ಟಿಣ್ ಎಂದಿತು. ಅವಳು ಈಗಿನ ರೆಕಾರ್ಡಿಂಗ್ ಕಳಿಸಿದ್ದಳು.

ನಾನು ಅದನ್ನು ತೆರೆಯುವ ಮೊದಲು ಅವಳು ಫೋನು ಹಿಡಿದ ನನ್ನ ಕೈಯ ಮೇಲೆ ಕೈ ಇಟ್ಟಳು. ಅಂಗೈ ನನ್ನದರಷ್ಟೇ ಬೆವರಿತ್ತು.

"ಇದರಾಗ ಏನೂ ಕತ್ತರಸಬ್ಯಾಡ," ಎಂದಳು.