ಮುಂದಿನ ಕೋಣೆಯ ತೆರವು

ಹಲ್ಲು ಕೀಳಿಸಿಕೊಳ್ಳಲೆಂದು ನಾಲ್ಕು ದಿನದ ಮಟ್ಟಿಗೆ ಬಂದ ಹೆಂಡತಿಯ ಅಣ್ಣ, ಹಲ್ಲು ಹೋದ ಮೇಲೂ ಹನ್ನೊಂದು ವರ್ಷ ಹೋಗಲಿಲ್ಲ. ಮುಂದಿನ ಕೋಣೆ ಈ ಭಾವನವರದಾಯಿತು. ಅದರ ಕಿಟಕಿಯೂ, ಕಿಟಕಿಯಿಂದ ಬರುವ ಗಾಳಿಯೂ, ಬೆಳಗಿನ ಪತ್ರಿಕೆಯೂ ಅವರದೇ ಆದವು. ಒಳಕೋಣೆ ಹೆಂಡತಿ ಮತ್ತು ಮಗಳಿಗೆ. ಮನೆಯ ಯಜಮಾನ ಸಾಮಾನಿನ ಕೋಣೆಯ ಮಡಚುವ ಮಂಚದಲ್ಲಿ ತಾನೂ ಮಡಚಿಕೊಂಡು ಮಲಗುತ್ತಿದ್ದ. ಬಾಯಿ ತೆರೆದರೆ ಹೆಂಡತಿಯದು ಒಂದೇ ಮಾತು: "ಪಾಪ, ಅಣ್ಣ ಎಲ್ಲಿಗೆ ಹೋಗ್ತಾನೆ ಹೇಳಿ?"

ಯಜಮಾನ ನ್ಯಾಯಾಲಯದಲ್ಲಿ ಬೆರಳಚ್ಚುಗಾರ. ಇಪ್ಪತ್ತಾರು ವರ್ಷ ತೀರ್ಪುಗಳನ್ನು ಟೈಪು ಮಾಡಿ ಮಾಡಿ ಅವನಿಗೊಂದು ಜ್ಞಾನೋದಯವಾಗಿತ್ತು: ಕಾನೂನು ಮುರಿಯುವುದು ಅಪರಾಧವಲ್ಲ, ದಡ್ಡತನದಿಂದ ಮುರಿಯುವುದು ಅಪರಾಧ. ಕದ್ದ ಉಂಗುರವನ್ನೇ ತೊಟ್ಟು ಕಟಕಟೆ ಹತ್ತಿದವನ ಕತೆಯನ್ನು ಟೈಪು ಮಾಡುವಾಗ ಅವನಿಗೆ ಹೇಸಿಗೆಯಾದದ್ದು ಕಳ್ಳತನದ ಬಗ್ಗೆ ಅಲ್ಲ, ಕೆಲಸದ ಕಳಪೆತನದ ಬಗ್ಗೆ.

ಅವನ ಕೆಲಸದಲ್ಲಿ ಕಳಪೆತನವಿರಲಿಲ್ಲ. ಸದರಿ ಮನೆಯ ಮುಂದಿನ ಕೋಣೆ ಶಿಥಿಲವಾಗಿರುವುದರಿಂದ, ನಗರಸಭೆಯ ಅರ್ಜಿಯ ಮೇರೆಗೆ, ಅಲ್ಲಿ ವಾಸವಿರುವವರು ಏಳು ದಿನದೊಳಗೆ ತೆರವು ಮಾಡತಕ್ಕದ್ದು ಎಂದು ಒಂದು ಆದೇಶ ಬರೆದ. ದಾಖಲೆ ಪುಸ್ತಕದಲ್ಲಿ ಗುಮಾಸ್ತ ತಪ್ಪಿ ಬಿಟ್ಟಿದ್ದ ಸಂಖ್ಯೆಯೊಂದನ್ನು ಹುಡುಕಿ ಅದಕ್ಕೆ ಕೊಟ್ಟ. ಮೊಹರಿನ ಗುಮಾಸ್ತ ಟೀ ಕುಡಿಯಲು ಹೋದಾಗ ಮೊಹರು ಬಿತ್ತು. ಸಹಿಯನ್ನು ನಕಲು ಮಾಡುವ ಕೀಳು ಕೆಲಸಕ್ಕೆ ಅವನು ಇಳಿಯಲಿಲ್ಲ. ಸಂಜೆ ಐದಕ್ಕೆ ನ್ಯಾಯಾಧೀಶರು ಗಡಿಯಾರ ನೋಡುತ್ತ ಅರವತ್ತು ಹಾಳೆಗೆ ಸಹಿ ಹಾಕುತ್ತಿದ್ದರು. ಆ ದಿನ ಅರವತ್ತೊಂದಕ್ಕೆ ಹಾಕಿದರು. ಉಳಿದದ್ದನ್ನು ಅಂಚೆಯವನು ಮಾಡಿದ.

"ಇದೇನು ಸ್ವಲ್ಪ ನೋಡಿ. ನಿಮ್ಮ ಕೋರ್ಟಿಂದಾನೇ ಬಂದಿದೆ," ಎಂದು ಭಾವ ಕಾಗದ ಹಿಡಿದು ಬಂದರು.

ಅವನು ಕನ್ನಡಕ ಹಾಕಿಕೊಂಡು, ತನ್ನದೇ ವಾಕ್ಯಗಳನ್ನು ಮೆಚ್ಚುಗೆಯಿಂದ ಎರಡು ಸಲ ಓದಿದ. "ಏನೂ ಮಾಡೋಕಾಗಲ್ಲ ಭಾವ. ಕಾನೂನು ಅಂದ್ರೆ ಕಾನೂನು. ಮೀರಿದ್ರೆ ಜೈಲು."

"ಛೆ, ಮೀರೋದುಂಟಾ? ನಮ್ಮಪ್ಪ ಹಾಗೆ ಬೆಳೆಸಿಲ್ಲ."

ಐದನೇ ದಿನ ಭಾವ ಟ್ರಂಕು ಕಟ್ಟಿದರು. ಹೆಂಡತಿ ಅತ್ತಳು. ಹಗ್ಗದ ಗಂಟು ಬಿಗಿಯುವಾಗ ಬೆರಳಚ್ಚುಗಾರನಿಗೂ ಒಂದು ಗಳಿಗೆ ಮರುಕ ಹುಟ್ಟಿತು, ಸುಳ್ಳಲ್ಲ. ಆದರೆ ಆ ಭಾನುವಾರ ಮುಂದಿನ ಕೋಣೆಯಲ್ಲಿ ಊಟವಾದ ಮೇಲೆ ಕಾಲು ನೀಡಿ ಮಲಗಿದಾಗ ಆ ಮರುಕ ಇಳಿದುಹೋಯಿತು. ಕೋಣೆ ಬೀಳುವ ಲಕ್ಷಣವೇನೂ ಕಾಣಲಿಲ್ಲ.

ಕಾನೂನಿಗೆ ಹೆದರುವವರು ಎಷ್ಟು ಅಪಾಯಕಾರಿ ಎಂಬುದು ಯಾವ ತೀರ್ಪಿನಲ್ಲೂ ಬಂದಿರಲಿಲ್ಲ. ಸೋಮವಾರ ಭಾವ ನೇರವಾಗಿ ನ್ಯಾಯಾಲಯಕ್ಕೆ ಬಂದು ನ್ಯಾಯಾಧೀಶರಿಗೆ ಕೈಮುಗಿದರು. "ಆದೇಶದ ಪ್ರಕಾರ ಕೋಣೆ ಬಿಟ್ಟಿದೀನಿ ಸ್ವಾಮಿ. ಬಿಟ್ಟೆ ಅಂತ ಒಂದು ರಸೀದಿ ಕೊಟ್ರೆ ನೆಮ್ಮದಿ."

ಮಧ್ಯಾಹ್ನ ಬೆರಳಚ್ಚುಗಾರನಿಗೆ ಕರೆ ಬಂತು. "ಕಡತದಲ್ಲಿ ನಗರಸಭೆಯ ಅರ್ಜಿಯೇ ಇಲ್ಲ. ಯಾರೋ ನನ್ನ ಕೈಯಿಂದಾನೇ ಸುಳ್ಳು ಆದೇಶಕ್ಕೆ ಸಹಿ ಹಾಕಿಸಿದಾರೆ," ಎಂದರು ನ್ಯಾಯಾಧೀಶರು. "ಪೊಲೀಸರಿಗೆ ದೂರು ಬರ್ಕೊಳ್ಳಿ." ಅವನು ಬರೆದುಕೊಂಡ. 'ಅಪರಿಚಿತ ವ್ಯಕ್ತಿಯೊಬ್ಬರು' ಎಂಬ ಪದಗಳನ್ನು ಟೈಪು ಮಾಡುವಾಗ ಅವನ ಬೆರಳುಗಳು ಹಿಗ್ಗಿನಿಂದ ಕುಣಿದವು. ಒಂದು ಅಕ್ಷರವೂ ತಪ್ಪಿಲ್ಲದ ಹಾಳೆಯನ್ನು ತಂದು ಮೇಜಿನ ಮೇಲಿಟ್ಟ.

ನ್ಯಾಯಾಧೀಶರು ಈ ಸಲ ಓದದೆ ಸಹಿ ಹಾಕಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಓದಿ, ಹಾಳೆಯ ಎಡ ಮೂಲೆಗೆ ಬಂದು ನಿಂತರು. ಟೈಪು ಮಾಡಿದವರು ಯಾರೆಂದು ತಿಳಿಯಲು ಆ ಕಚೇರಿಯ ಪ್ರತಿಯೊಬ್ಬ ಬೆರಳಚ್ಚುಗಾರನೂ ಅಲ್ಲಿ ತನ್ನ ಹೆಸರಿನ ಎರಡು ಪುಟ್ಟ ಅಕ್ಷರ ಹಾಕಬೇಕು. ಇಪ್ಪತ್ತಾರು ವರ್ಷದಿಂದ ಅವನ ಬೆರಳುಗಳು ಅವನನ್ನು ಕೇಳದೆಯೇ ಹಾಕುತ್ತಿದ್ದವು. ಅವರು ಭಾವ ತಂದಿದ್ದ ಆದೇಶವನ್ನು ಪಕ್ಕಕ್ಕಿಟ್ಟುಕೊಂಡರು. ಅದೇ ಮೂಲೆ, ಅವೇ ಎರಡು ಅಕ್ಷರ. ಪೆನ್ನಿನ ಮುಚ್ಚಳ ಹಾಕಿ, ಹಾಳೆಯನ್ನು ಅವನ ಕಡೆಗೆ ತಳ್ಳಿ ಮೆಲ್ಲಗೆ ಹೇಳಿದರು: "'ಅಪರಿಚಿತ' ಅನ್ನೋದೊಂದು ತಪ್ಪಾಗಿದೆ. ತಿದ್ಕೊಂಡು ಬನ್ನಿ."